ಬಿದ್ದ ಹಲ್ಲು, ಬಂದ ಇಂಟರ್‌ವ್ಯೂ

ಬಿ.ಕಾಂ. ಕೊನೆಯ ಪರೀಕ್ಷೆ ಮುಗಿದ ಮಾರನೇ ದಿನ. ಇನ್ನು ಮತ್ತೆ ಯಾವಾಗ ಸೇರುತ್ತೇವೋ ಎಂದುಕೊಂಡು ಹರಿಹರದ ಮೈದಾನದಲ್ಲಿ ಗೆಳೆಯರೆಲ್ಲ ಕ್ರಿಕೆಟ್ ಆಡುತ್ತಿದ್ದೆವು. ನಾನು ವಿಕೆಟ್ ಹಿಂದೆ. ಕಾರ್ಕ್ ಬಾಲ್ ಯಾವುದೋ ಕಲ್ಲಿಗೆ ತಾಗಿ ಎದ್ದಿತು. ಕೈ ಅಡ್ಡ ಹಿಡಿಯುವಷ್ಟರಲ್ಲಿ ಮೇಲಿನ ಸಾಲಿನ ಮುಂದಿನ ಹಲ್ಲೊಂದು ಬೇರುಸಮೇತ ಮಣ್ಣಿನಲ್ಲಿತ್ತು.

ಚಿಕ್ಕಂದಿನಲ್ಲಾದರೆ ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆದರೆ ಸಾಕು, ಹೊಸ ಹಲ್ಲು ಬರುತ್ತಿತ್ತು. 22ನೇ ವಯಸ್ಸಿಗೆ ಆ ಸೌಲಭ್ಯ ಇಲ್ಲ. ಗೆಳೆಯನೊಬ್ಬ ಪಾಪ, ಕಾಳಜಿಯಿಂದ ಹಲ್ಲನ್ನು ನಲ್ಲಿ ಕೆಳಗೆ ತಿಕ್ಕಿ ತಿಕ್ಕಿ ತೊಳೆದು ಕರ್ಚೀಫಿನಲ್ಲಿ ಸುತ್ತಿ ಕೊಟ್ಟ. ರಕ್ತ ನಿಲ್ಲಿಸಿಕೊಂಡು, ಮನೆಯಲ್ಲಿ ಬೈಸಿಕೊಂಡು ಡಾಕ್ಟರ್ ಹತ್ತಿರ ಹೋಗುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಅವರು ಕರ್ಚೀಫು ಬಿಚ್ಚಿ ನೋಡಿ ನಿಟ್ಟುಸಿರು ಬಿಟ್ಟರು.

‘ಇದನ್ನು ಹಾಲಿನಲ್ಲಿ ಹಾಕಿ ಅರ್ಧ ಗಂಟೆಯೊಳಗೆ ತಂದಿದ್ದರೆ ಅದೇ ಜಾಗದಲ್ಲಿ ಕೂರಿಸಿ ನೋಡಬಹುದಿತ್ತು’ ಎಂದರು. ಬೇರಿನ ಮೇಲೆ ಕಣ್ಣಿಗೆ ಕಾಣದಂಥ ಜೀವಕೋಶಗಳ ಪದರ ಇರುತ್ತದಂತೆ. ತಿಕ್ಕಿದರೂ ಒಣಗಿದರೂ ಅದು ಸಾಯುತ್ತದೆ. ಹಲ್ಲನ್ನು ಬಿಳಿ ಭಾಗದಲ್ಲೇ ಹಿಡಿದು, ಮಣ್ಣಿದ್ದರೆ ಕ್ಷಣಕಾಲ ನೀರು ಹಾಯಿಸಿ, ಬಿದ್ದ ಗುಳಿಯಲ್ಲೇ ಕೂರಿಸಿಕೊಂಡು ಅಥವಾ ತಣ್ಣನೆಯ ಹಾಲಿನಲ್ಲಿಟ್ಟು ಓಡಬೇಕು. ನೀವು ಆಡುವವರಾದರೆ ಇದೊಂದನ್ನು ನೆನಪಿಡಿ. ನಮ್ಮ ಮೈದಾನದ ಎದುರಿಗೇ ನಂದಿನಿ ಬೂತ್ ಇತ್ತು!

ಹತ್ತು ದಿನದಲ್ಲಿ ಗಾಯ ಆರಿತು. ಹನ್ನೊಂದನೇ ದಿನ ಬ್ಯಾಂಕೊಂದರಿಂದ ಇಂಟರ್‌ವ್ಯೂ ಪತ್ರ ಬಂತು. ಇನ್ನು ಮೂರು ವಾರ. ಕನ್ನಡಿ ಮುಂದೆ ನಿಂತು ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ಗೆ ಉತ್ತರ ಹೇಳಿಕೊಂಡೆ. ‘ಸ’ ಬಂದಲ್ಲೆಲ್ಲ ಕುಕ್ಕರ್ ಸೀಟಿ.

ಮಾವ ತಮ್ಮ ಪರಿಚಯದ ಕ್ಲಿನಿಕ್ಕಿಗೆ ಕರೆದೊಯ್ದರು. ಅಲ್ಲಿ ಮಾತು ಸಲೀಸು. ‘ಬ್ರಿಜ್ ಹಾಕಿಬಿಡೋಣ. ಅಕ್ಕಪಕ್ಕದ ಎರಡು ಹಲ್ಲು ಸ್ವಲ್ಪ ತೇಯ್ದು ಮೂರು ಕ್ಯಾಪ್. ಹದಿನೈದು ಸಾವಿರ, ಒಂದು ವಾರ.’ ನಾನು ಬಹುತೇಕ ತಲೆಯಾಡಿಸಿದ್ದೆ. ಅಪ್ಪನೇ ತಡೆದರು. ಅವರದು ಸೈಕಲ್ ರಿಪೇರಿ ಅಂಗಡಿ. ‘ಒಂದು ಕಡ್ಡಿ ಹೋಗಿದ್ದಕ್ಕೆ ಚೆನ್ನಾಗಿರೋ ಎರಡು ಕಡ್ಡೀನೂ ಯಾಕೆ ಮುಟ್ಟಬೇಕು?’ ಎಂದು ಕೇಳಿದರು. ಕ್ಲಿನಿಕ್ಕಿನವರು ನಕ್ಕರು. ಆ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ದಾವಣಗೆರೆಯಲ್ಲಿ ಡೆಂಟಲ್ ಕಾಲೇಜುಗಳಿವೆ. ಒಂದರ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು, ಒಬ್ಬ ಪಿ.ಜಿ. ವಿದ್ಯಾರ್ಥಿನಿ ಪ್ಲಾಸ್ಟರಿನ ದವಡೆ ಮುಂದಿಟ್ಟು ವಿವರಿಸಿದರು. ಕಾಲೇಜಿನಲ್ಲಿ ಕಾಯುವುದು ಜಾಸ್ತಿ, ಖರ್ಚು ಕಡಿಮೆ. ಆದರೆ ಕಲಿಯುತ್ತಿರುವವರ ಹತ್ತಿರ ಒಂದು ಲಾಭವಿದೆ, ಅವರಿಗೆ ವಿವರಿಸುವ ಉತ್ಸಾಹ ಇನ್ನೂ ಬತ್ತಿರುವುದಿಲ್ಲ.

ಅವರು ಮೊದಲು ಮಾಡಿದ್ದು ಅಕ್ಕಪಕ್ಕದ ಹಲ್ಲುಗಳ ಎಕ್ಸ್‌ರೇ. ಪೆಟ್ಟು ಬಿದ್ದಿದ್ದು ಒಂದಕ್ಕೇ ಅಲ್ಲ. ಪಕ್ಕದ ಹಲ್ಲು ಈಗ ಗಟ್ಟಿ ಕಂಡರೂ ಒಳಗಿನ ನರ ತಿಂಗಳುಗಳ ನಂತರ ಸಾಯಬಹುದಂತೆ. ಅದು ಗೊತ್ತಾಗುವ ಮೊದಲೇ ತೇಯ್ದು ಕ್ಯಾಪ್ ಕೂರಿಸಿದರೆ ಮುಂದೆ ಅದನ್ನೇ ಕೊರೆಯಬೇಕಾಗುತ್ತದೆ. ಅಲ್ಲದೆ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಬ್ರಿಜ್ ಹತ್ತು ಹದಿನೈದು ವರ್ಷ ಬಾಳಿದರೆ ನನಗಾಗ ಮೂವತ್ತೇಳು. ಆ ಸಣ್ಣ ಗೂಟಗಳ ಮೇಲೆ ಮತ್ತೊಂದು ಬ್ರಿಜ್, ಆಮೇಲೆ ಇನ್ನೊಂದು. ಮೊದಲೇ ಕ್ಯಾಪ್ ಬೇಕಾದ, ಹುಳುಕು ತುಂಬಿಸಿದ ಹಲ್ಲುಗಳು ಪಕ್ಕದಲ್ಲಿದ್ದರೆ ಬ್ರಿಜ್ ಒಳ್ಳೆಯ ದಾರಿಯೇ. ನನ್ನವು ಹಾಗಿರಲಿಲ್ಲ.

ಹಾಗಾದರೆ ಇಂಪ್ಲಾಂಟ್? ದವಡೆಯ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸುತ್ತಾರೆ. ಮೂಳೆ ಅದನ್ನು ತನ್ನದೇ ಎಂಬಂತೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಮೂಳೆಯಲ್ಲಿ ಇಟ್ಟ ಟೈಟಾನಿಯಂ ಹೊರತೆಗೆಯಲು ಬಾರದೆ ಹೋದಾಗ ಇದು ಹೊಳೆಯಿತಂತೆ. 1965ರಲ್ಲಿ ಮೊದಲ ರೋಗಿಗೆ ಹಾಕಿದರು. ಪಕ್ಕದ ಹಲ್ಲುಗಳನ್ನು ಮುಟ್ಟುವಂತಿಲ್ಲ, ಅಗಿಯಲು ಸಲೀಸು. ಆದರೆ ಮೂಳೆ ಹಿಡಿಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ನಮ್ಮ ವಯಸ್ಸಿನಲ್ಲೂ ಹಲ್ಲುಗಳು ಕೂದಲೆಳೆಯಷ್ಟು ಕೆಳಗಿಳಿಯುತ್ತಲೇ ಇರುತ್ತವೆ. ಮೂಳೆಗೆ ಅಂಟಿದ ಇಂಪ್ಲಾಂಟ್ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಮುಂದಿನ ಹಲ್ಲಿಗೆ ತೀರಾ ಬೇಗ ಹಾಕಿದರೆ ವರ್ಷಗಳ ನಂತರ ಅದೊಂದೇ ಗಿಡ್ಡ ಕಾಣಬಹುದು.

ಖರ್ಚು ಹೊರಗಡೆ ಮೂವತ್ತು ಸಾವಿರದ ಮೇಲೆ ಹೇಳಿದ್ದರು. ಅಪ್ಪ ಚೀಟಿ ಎತ್ತಲು ರೆಡಿ. ಆ ಚೀಟಿ ತಂಗಿಯ ನರ್ಸಿಂಗ್ ಫೀಸಿಗೆಂದು ಕಟ್ಟುತ್ತಿರುವುದು. ಅವಳು ‘ಮೊದಲು ಅಣ್ಣನಿಗೆ ಆಗಲಿ’ ಎಂದಳು. ಅವಳು ಹಾಗೆ ಅನ್ನದೆ ಜಗಳ ಆಡಿದ್ದರೆ ಒಳ್ಳೆಯದಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೊನೆಗೆ ನಾನು ಆರಿಸಿಕೊಂಡಿದ್ದು ಎಲ್ಲಕ್ಕಿಂತ ಅಗ್ಗದ್ದು. ಅಂಗುಳಿಗೆ ಅಂಟುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ ತಟ್ಟೆ, ಅದಕ್ಕೊಂದು ಹಲ್ಲು. ತೆಗೆದು ಹಾಕುವಂಥದ್ದು. ಬಸ್ ಚಾರ್ಜ್ ಸೇರಿ ಸಾವಿರ ದಾಟಲಿಲ್ಲ. ಅಗ್ಗ ಎಂದು ಮಾತ್ರ ಅಲ್ಲ, ಇದನ್ನು ಹಾಕಿಕೊಂಡರೆ ಮುಂದಿನ ಯಾವ ದಾರಿಯೂ ಮುಚ್ಚುವುದಿಲ್ಲ. ಆರು ತಿಂಗಳಲ್ಲಿ ಪಕ್ಕದ ಹಲ್ಲು ಸರಿಯಿದೆ ಎಂದಾದರೆ, ತೇಯದೆ ಅಥವಾ ಒಂದಿಷ್ಟೇ ತೇಯ್ದು ಅದರ ಹಿಂಬದಿಗೆ ಸಣ್ಣ ರೆಕ್ಕೆ ಅಂಟಿಸಿ ನಿಲ್ಲಿಸುವ ಇನ್ನೊಂದು ಬಗೆಯ ಬ್ರಿಜ್ ಮಾಡಬಹುದಂತೆ. ಕಳಚಿ ಬಂದರೆ ಸಾಮಾನ್ಯವಾಗಿ ಮತ್ತೆ ಅಂಟಿಸಬಹುದು. ಇಂಪ್ಲಾಂಟನ್ನು ನನ್ನ ಸಂಬಳದಲ್ಲೇ ಮಾಡಿಸಿಕೊಳ್ಳುತ್ತೇನೆ. ಕಾಯುವುದಕ್ಕೂ ಬೆಲೆಯಿದೆ ಎಂದು ಅವರು ಮುಚ್ಚಿಡಲಿಲ್ಲ. ಹಲ್ಲಿಲ್ಲದ ಕಡೆ ಮೂಳೆ ಸವೆಯುತ್ತದೆ, ಮುಂದೆ ಮೂಳೆ ತುಂಬಿಸಬೇಕಾಗಿ ಬಂದರೆ ಖರ್ಚು ಹೆಚ್ಚು. ಗೊತ್ತಿದ್ದೇ ಒಪ್ಪಿಕೊಂಡೆ.

ಮೊದಲ ಎರಡು ದಿನ ಬಾಯಲ್ಲಿ ಬೇರೆಯವರ ಚಪ್ಪಲಿ ಇಟ್ಟುಕೊಂಡಂತಿತ್ತು. ದಿನಾ ಬೆಳಿಗ್ಗೆ ಈ ಪೇಪರನ್ನೇ ಸಂಪಾದಕೀಯದಿಂದ ಕ್ಲಾಸಿಫೈಡ್‌ವರೆಗೆ ಗಟ್ಟಿಯಾಗಿ ಓದಿದೆ. ವಾರದಲ್ಲಿ ನಾಲಿಗೆ ಪಳಗಿತು. ರಾತ್ರಿ ತೆಗೆದು ನೀರಿನ ಲೋಟದಲ್ಲಿ ಹಾಕಬೇಕು. ನಮ್ಮ ಮನೆಯ ಗೂಡಿನಲ್ಲಿ ಈಗ ಎರಡು ಲೋಟ, ಒಂದು ನನ್ನದು, ಒಂದು ಅಜ್ಜಿಯದು. ‘ನೋಡ್ಕೊಂಡು ಹಾಕ್ಕಳಪ್ಪ, ನಿದ್ದೆಗಣ್ಣಲ್ಲಿ ನಂದು ಹಾಕ್ಕೊಂಡು ಇಂಟರ್‌ವ್ಯೂಗೆ ಹೋದೀಯ’ ಎನ್ನುತ್ತಾಳೆ.

ಇಂಟರ್‌ವ್ಯೂ ಆಯಿತು. ಜಿ.ಎಸ್‌.ಟಿ. ಬಗ್ಗೆ ಕೇಳಿದರು, ಸಾಲದ ಬಗ್ಗೆ ಕೇಳಿದರು. ಹಲ್ಲಿನ ಕಡೆ ಯಾರೂ ನೋಡಿದಂತೆ ಕಾಣಲಿಲ್ಲ. ಒಮ್ಮೆ ‘ಸಬ್ಸಿಡಿ’ ಎನ್ನುವಾಗ ತಟ್ಟೆ ಸ್ವಲ್ಪ ಅಲುಗಿತು, ನೀರು ಕುಡಿದು ಸರಿಮಾಡಿಕೊಂಡೆ. ಫಲಿತಾಂಶ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಎಕ್ಸ್‌ರೇಗೆ ಮತ್ತೆ ದಾವಣಗೆರೆಗೆ ಹೋಗಬೇಕು. ಅಜ್ಜಿಯೂ ಬರುತ್ತಾಳಂತೆ, ಅವಳ ಸೆಟ್ಟು ಸಡಿಲವಾಗಿದೆಯಂತೆ.