ಸೊಪ್ಪಿನ ಬೆಟ್ಟವೂ ಅಡಕೆಯ ತೋಟವೂ

ಸಿದ್ದಾಪುರ ತಾಲ್ಲೂಕಿನ ಬಿಳಗಿ ಸೀಮೆಯಲ್ಲಿ ಅಡಕೆಯ ತೋಟವು ಕಣಿವೆಯಲ್ಲಿದ್ದರೂ ಅದರ ಸಾರವಿರುವುದು ಮೇಲಿನ ಸೊಪ್ಪಿನ ಬೆಟ್ಟದಲ್ಲಿ. ಬೆಟ್ಟದ ಹಸಿಸೊಪ್ಪು ಕೊಟ್ಟಿಗೆಯಲ್ಲಿ ದನಗಳ ಕಾಲಡಿಯ ಹಾಸಾಗಿ, ಸಗಣಿ ಗಂಜಲಗಳೊಡನೆ ಕಳಿತು, ಗೊಬ್ಬರವಾಗಿ ಮರದ ಬುಡವನ್ನು ಸೇರುತ್ತದೆ. ಆ ಬಲದಿಂದಲೇ ಅಡಕೆಗೆ ಹಬ್ಬಿದ ಮೆಣಸು, ನೆರಳಿನ ಏಲಕ್ಕಿ, ನಡುನಡುವಿನ ಬಾಳೆಗಳೆಲ್ಲ ಒಂದೇ ನೆಲದಲ್ಲಿ ಬಾಳುತ್ತವೆ.

ಬ್ರಿಟಿಷರ ಆಡಳಿತವೂ ಈ ಸಂಬಂಧವನ್ನು ಮನ್ನಿಸಿ, ಘಟ್ಟದ ಮೇಲಿನ ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸೌಲಭ್ಯವನ್ನಿತ್ತಿತು. ಸೊಪ್ಪು ರೈತನದಾದರೂ ನೆಲ ಸರ್ಕಾರದ್ದೇ. ಮಿತಿಮೀರಿ ಸವರಿದೆಡೆ ಬೆಟ್ಟಗಳು ಬೋಳಾಗಿವೆ. ಚೀಲದ ರಸಗೊಬ್ಬರವು ಸಾರಜನಕವನ್ನು ಕೊಡಬಲ್ಲುದೇ ಹೊರತು, ಮಲೆನಾಡಿನ ಜಡಿಮಳೆಯಲ್ಲಿ ಮಣ್ಣನ್ನು ಹಿಡಿದಿಡುವ ಸೊಪ್ಪಿನ ಹೊದಿಕೆಯನ್ನಲ್ಲ. ಅಡಕೆಯೇನೋ ಹೊಟ್ಟೆ ತುಂಬಿಸದು. ಅದರ ಧಾರಣೆ ಕುಸಿದ ವರ್ಷ ಸಣ್ಣ ಹಿಡುವಳಿಯ ಮನೆಗೆ ಆಸರೆಯಾಗುವುದು ಮೆಣಸು, ಬಾಳೆ ಮತ್ತು ಗದ್ದೆಯ ಭತ್ತ.