ಮನೆಯ ಮೊಸರು ಮತ್ತು ಕುಟುಂಬದ ಆರೋಗ್ಯ

ಹಾಲು ಮೊಸರಾಗುವುದು ಕಣ್ಣಿಗೆ ಕಾಣದ ಜೀವಾಣುಗಳ ಕಾರ್ಯದಿಂದ. ಜೀವಾಣುಗಳೆಲ್ಲವೂ ರೋಗಕಾರಕಗಳಲ್ಲ. ಹೆಪ್ಪಿನಲ್ಲಿರುವ ಜೀವಾಣುಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಹುಳಿಯಿಂದ ಹಾಲು ಗಟ್ಟಿಯಾಗುತ್ತದೆ. ಅನೇಕ ರೋಗಾಣುಗಳ ಬೆಳವಣಿಗೆಗೂ ತಡೆಯುಂಟಾಗುತ್ತದೆ. ಇಂತಹ ಒಂದು ಜೀವಾಣುವನ್ನು 1905ರಲ್ಲಿ ಬಲ್ಗೇರಿಯಾದ ವೈದ್ಯ ಸ್ಟಾಮೆನ್ ಗ್ರಿಗೊರೊವ್ ಗುರುತಿಸಿದರು.

ಹೆಪ್ಪು ಹಾಕುವ ಕ್ರಮ: ಹಾಲನ್ನು ತಪ್ಪದೆ ಕುದಿಸಿರಿ. ಹಸಿ ಹಾಲಿನ ಮೂಲಕ ಕ್ಷಯದಂತಹ ರೋಗಗಳು ಹರಡಬಹುದು. ಹೆಪ್ಪು ಹಾಕಿದ ಮಾತ್ರಕ್ಕೆ ಆ ರೋಗಾಣುಗಳು ಸಾಯುವುದಿಲ್ಲ. ಹಾಲು ಉಗುರುಬೆಚ್ಚಗಾದ ಬಳಿಕ, ಶುಚಿಯಾದ ಪಾತ್ರೆಯಲ್ಲಿ ಲೀಟರಿಗೆ ಒಂದೆರಡು ಚಮಚ ಹೆಪ್ಪು ಬೆರೆಸಿ ಮುಚ್ಚಿಡಿರಿ. ಬಿಸಿ ಹೆಚ್ಚಾದರೆ ಹೆಪ್ಪಿನ ಜೀವಾಣುಗಳು ಸಾಯುತ್ತವೆ; ತೀರ ಆರಿದರೆ ಮೊಸರು ಕೂಡುವುದು ತಡವಾಗುತ್ತದೆ. ಸಾಮಾನ್ಯವಾಗಿ 6ರಿಂದ 8 ಗಂಟೆಗಳು ಸಾಕು.

ಪ್ರಯೋಜನಗಳು: ಮೊಸರಿನಿಂದ ಸಸಾರಜನಕ ಮತ್ತು ಸುಣ್ಣದ ಅಂಶ ದೊರೆಯುತ್ತವೆ. ಸಕ್ಕರೆಯ ಅಂಶ ತಗ್ಗಿರುವುದರಿಂದ, ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುತ್ತದೆ. ಬಾಣಂತಿ ಮೊಸರು ತಿಂದರೆ ಕೂಸಿಗೆ ಶೀತವಾಗುವುದೆಂಬ ನಂಬಿಕೆಗೆ ಆಧಾರವಿಲ್ಲ. ಆಕೆಗೆ ಪುಷ್ಟಿಕರ ಆಹಾರ ಹೆಚ್ಚಾಗಿಯೇ ಬೇಕು.

ಮಗುವಿಗೆ ಭೇದಿಯಾದಾಗ: ಆಹಾರ ನಿಲ್ಲಿಸುವುದು ಅಪಾಯಕರ. ಎದೆಹಾಲು ಮುಂದುವರಿಸಿರಿ. 6 ತಿಂಗಳು ತುಂಬಿದ ಮಗುವಿಗೆ ಮೆತ್ತಗಿನ ಮೊಸರನ್ನ ಕೊಡಬಹುದು. ಅದಕ್ಕಿಂತ ಎಳೆಯ ಶಿಶುವಿಗೆ ಮೊಸರು ಬೇಡ. ಆದರೆ ಮೊಸರು ಔಷಧಿಯಲ್ಲ. ದೇಹ ಕಳೆದುಕೊಂಡ ನೀರು, ಲವಣಗಳನ್ನು ತುಂಬುವುದು ಓ.ಆರ್.ಎಸ್. ದ್ರಾವಣ. ಮಗುವಿನ ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಅಥವಾ ಅದು ಕುಡಿಯಲಾರದಾದರೆ, ತಡಮಾಡದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ.