ದೇವರನ್ನೇ ಕೇಳಬಹುದೇ?

ಮನೆಯಲ್ಲಿ ಸಾವಾದಾಗ, ಕಾಯಿಲೆ ವಾಸಿಯಾಗದಿದ್ದಾಗ, ಎಷ್ಟು ದುಡಿದರೂ ಸಾಲ ತೀರದಿದ್ದಾಗ ಕ್ರೈಸ್ತ ಕುಟುಂಬಗಳಲ್ಲಿ ಕೇಳಿಬರುವ ಮಾತು ‘ಎಲ್ಲ ದೇವರ ಚಿತ್ತ’. ಹೇಳುವವರ ಉದ್ದೇಶ ಸಮಾಧಾನವೇ ಆದರೂ ಎಷ್ಟೋ ಸಲ ಅದು ನೊಂದವರ ಬಾಯಿ ಮುಚ್ಚಿಸುತ್ತದೆ. ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳಲು ಏಳುವವರು ಸಾಮಾನ್ಯವಾಗಿ ಗುಣವಾದ ಕಾಯಿಲೆಯ ಬಗ್ಗೆ, ಸಿಕ್ಕ ಕೆಲಸದ ಬಗ್ಗೆ ಮಾತಾಡುತ್ತಾರೆ. ‘ಯಾಕೆ ದೇವರೇ?’ ಎಂದು ಕೇಳಿದರೆ ನಂಬಿಕೆ ಸಾಲದು ಅಂದುಕೊಂಡಾರು ಎಂಬ ಅಳುಕು ಉಳಿದವರಿಗೆ. ಆದರೆ ಬೈಬಲನ್ನೇ ತೆರೆದು ನೋಡಿದರೆ ಈ ಅಳುಕಿಗೆ ಅಲ್ಲಿ ಹೆಚ್ಚು ಆಧಾರವಿಲ್ಲ.

ಅದರಲ್ಲಿರುವ 150 ಕೀರ್ತನೆಗಳ ಪೈಕಿ ಸುಮಾರು ಮೂರನೆಯ ಒಂದರಷ್ಟು ಗೋಳು, ದೂರು, ಮೊರೆ. 13ನೆಯ ಕೀರ್ತನೆ ಮೊದಲ ಎರಡೇ ವಚನಗಳಲ್ಲಿ ಇದು ಇನ್ನೆಷ್ಟು ಕಾಲ ಎಂದು ನಾಲ್ಕು ಬಾರಿ ಕೇಳಿ, ಕೊನೆಗೆ ಭರವಸೆಯತ್ತ ಹೊರಳುತ್ತದೆ. 88ನೆಯದು ಹೊರಳುವುದೂ ಇಲ್ಲ, ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಕೀರ್ತನೆಗಳನ್ನು ಒಟ್ಟುಗೂಡಿಸಿದವರು ಅದನ್ನು ಕೈಬಿಡಲಿಲ್ಲ, ಸ್ತುತಿಗೀತೆಗಳ ನಡುವೆಯೇ ಇಟ್ಟರು. ಯೇಸು ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಆರಂಭದ ಪ್ರಶ್ನೆಯನ್ನೇ ಎಂದು ಮತ್ತಾಯ, ಮಾರ್ಕ ಇಬ್ಬರೂ ಬರೆದಿದ್ದಾರೆ.

ಯೋಬನ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಜೊತೆ ಅವನ ಮೂವರು ಗೆಳೆಯರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ ಎನ್ನಬೇಕು. ಬಾಯಿ ತೆರೆದ ಮೇಲೆ, ನೀನು ಪಾಪ ಮಾಡಿರಬೇಕು, ದೇವರು ಅನ್ಯಾಯ ಮಾಡುವವನಲ್ಲ ಎಂದು ವಾದಿಸತೊಡಗಿದರು. ಯೋಬನಾದರೋ ದೇವರೊಂದಿಗೇ ವ್ಯಾಜ್ಯಕ್ಕೆ ನಿಂತ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾದದ್ದು ತನ್ನ ಪರವಾಗಿ ವಕೀಲಿ ಮಾಡಿದ ಆ ಗೆಳೆಯರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಎಂದು ತೀರ್ಪು ಕೊಟ್ಟ.

ಹಾಗಾದರೆ ಅರಣ್ಯದಲ್ಲಿ ಗುಣುಗುಟ್ಟಿದ ಇಸ್ರಾಯೇಲರಿಗೆ ಶಿಕ್ಷೆಯಾದದ್ದೇಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ವ್ಯತ್ಯಾಸ ಇರುವುದು ಮಾತಿನ ಖಾರದಲ್ಲಲ್ಲ, ಮಾತು ಯಾರ ಕಡೆ ತಿರುಗಿದೆ ಎಂಬುದರಲ್ಲಿ. ಅವರು ದೇವರ ಬಗ್ಗೆ ತಮ್ಮತಮ್ಮಲ್ಲೇ ಆಡಿಕೊಂಡರು, ಬೇರೊಬ್ಬ ನಾಯಕನನ್ನು ಆರಿಸಿಕೊಂಡು ಐಗುಪ್ತಕ್ಕೆ ಮರಳಲು ಹವಣಿಸಿದರು. ಕೀರ್ತನೆಕಾರ ಅಷ್ಟೇ ಕಹಿಯನ್ನು ದೇವರ ಮುಂದೆಯೇ ಸುರಿದ. ಕೇಳಿಸಿಕೊಳ್ಳುವವರಿದ್ದಾರೆ ಎಂಬ ನೆಚ್ಚಿಕೆ ಇಲ್ಲದೆ ಯಾರೂ ಹಾಗೆ ಜಗಳ ಕಾಯುವುದಿಲ್ಲ. ಸಂದೇಹಪಡುವವನು ಸಮುದ್ರದ ತೆರೆಯಂತೆ ಎಂದು ಯಾಕೋಬನ ಪತ್ರ ಎಚ್ಚರಿಸುವುದು ನಿಜ. ಆದರೆ ಅದರ ಹಿಂದಿನ ವಚನವೇ, ವಿವೇಕ ಸಾಲದವನು ಕೇಳಿಕೊಳ್ಳಲಿ, ದೇವರು ಹಂಗಿಸದೆ ಕೊಡುತ್ತಾನೆ ಎನ್ನುತ್ತದೆ.

ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆಂದು ಇದರ ಅರ್ಥವಲ್ಲ. ಯೋಬನಿಗೆ ದೇವರ ದರ್ಶನವಾಯಿತೇ ಹೊರತು ತನ್ನ ಕಷ್ಟಕ್ಕೆ ಕಾರಣವೇನೆಂಬುದು ಕೊನೆಗೂ ತಿಳಿಯಲಿಲ್ಲ. ದೇವರೇ ವಿವರಿಸದೆ ಬಿಟ್ಟ ಕಾರಣವನ್ನು ನೊಂದವರ ಮುಂದೆ ವಿವರಿಸಲು ನಾವು ಅವಸರಪಡಬೇಕಾಗಿಲ್ಲ. ಅವರ ಪ್ರಶ್ನೆಯನ್ನೂ ಪ್ರಾರ್ಥನೆಯೆಂದೇ ಒಪ್ಪಿಕೊಂಡು, ಕೂಟದಲ್ಲಿ ಅದಕ್ಕೂ ಜಾಗ ಕೊಟ್ಟರೆ ಸಾಕು.